ತಾತನ ಹಲ್ಲಿನ ಸೆಟ್‌ಗೆ ಎರಡು ಸ್ಕ್ರೂ

ಮುದ್ದೆಯಾದರೆ ನುಂಗಿಬಿಡಬಹುದು. ಚಕ್ಕುಲಿಯ ಸರದಿ ಬಂದಾಗ ತಾತ ಹಲ್ಲಿನ ಸೆಟ್ ತೆಗೆದು ಬಟ್ಟಲಿಗೆ ಹಾಕುವುದು ಕೆಸರೆಯಲ್ಲೂ ಬೇರೆಡೆಯೂ ಕಾಣುವ ನೋಟವೇ. ಹೆಚ್ಚಾಗಿ ಜಾರುವುದು ಕೆಳಗಿನ ಸೆಟ್. ಮೇಲಿನದಕ್ಕೆ ಅಂಗುಳದ ಆಸರೆಯುಂಟು. ಕೆಳಗಿನದನ್ನು ನಾಲಿಗೆ ಸದಾ ಅಲುಗಾಡಿಸುತ್ತದೆ. ಸಾಲದ್ದಕ್ಕೆ, ಹಲ್ಲು ಹೋದ ದವಡೆಯ ಮೂಳೆ ವರ್ಷ ವರ್ಷವೂ ಸವೆಯುತ್ತದೆ.

ಇದಕ್ಕೆ ದಾರಿ ತೋರಿದ್ದು ಮೊಲ! 1950ರ ದಶಕದಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಮೊಲದ ಕಾಲಿನ ಮೂಳೆಯಲ್ಲಿಟ್ಟಿದ್ದ ಟೈಟಾನಿಯಂ ಉಪಕರಣವನ್ನು ತೆಗೆಯಹೋದರೆ ಬರಲೇ ಇಲ್ಲ. ಮೂಳೆ ಅದಕ್ಕೆ ಬೆಸೆದುಕೊಂಡಿತ್ತು. 1965ರಲ್ಲಿ ಅವರು ಮನುಷ್ಯನ ದವಡೆಗೂ ಇದೇ ಲೋಹದ ಸ್ಕ್ರೂ ಕೂರಿಸಿದರು.

ಈಗ ಕೆಳದವಡೆಯ ಮುಂಭಾಗದಲ್ಲಿ ಎರಡು ಸ್ಕ್ರೂ ಹಾಕಿ, ಮೂಳೆ ಬೆಸೆಯಲು ಕೆಲವು ತಿಂಗಳು ಬಿಟ್ಟು, ಸೆಟ್ಟನ್ನು ಪ್ರೆಸ್ ಬಟನ್ನಿನಂತೆ ಅವುಗಳ ಮೇಲೆ ಒತ್ತಿ ಕೂರಿಸುತ್ತಾರೆ. ಖರ್ಚು ಮಾಮೂಲಿ ಸೆಟ್ಟಿಗಿಂತ ಬಹಳ ಹೆಚ್ಚು. ಬೀಡಿ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಎರಡೂ ಈ ಬೆಸುಗೆಗೆ ಶತ್ರುಗಳು. ವಿಚಾರಿಸಲು ಕೆಸರೆಯವರು ದೂರ ಹೋಗಬೇಕಿಲ್ಲ, ಬನ್ನಿಮಂಟಪದ ಕಡೆಯಲ್ಲೇ ಜೆಎಸ್‌ಎಸ್ ದಂತ ವೈದ್ಯಕೀಯ ಕಾಲೇಜಿದೆ.

ಕ್ರಿಕೆಟ್ ಚೆಂಡು ಬಡಿದು ಹಲ್ಲು ಕಳೆದುಕೊಂಡ ಶಾಲಾ ಹುಡುಗನಿಗೂ ಸ್ಕ್ರೂ ಹಾಕಿಸಬಹುದೇ? ಸದ್ಯಕ್ಕೆ ಬೇಡ. ಅವನ ದವಡೆ ಬೆಳೆಯುತ್ತಿರುತ್ತದೆ, ಸ್ಕ್ರೂ ಬೆಳೆಯುವುದಿಲ್ಲ. ಉದುರಿದ್ದು ಹಾಲುಹಲ್ಲಲ್ಲದಿದ್ದರೆ, ಅದನ್ನು ಉಜ್ಜದೆ ಹಾಲಿನಲ್ಲಿಟ್ಟುಕೊಂಡು ತಕ್ಷಣ ದಂತವೈದ್ಯರಲ್ಲಿಗೆ ಓಡಬೇಕು. ಅದೇ ಹಲ್ಲು ಮತ್ತೆ ಕೂತೀತು.