ರಾಜ್ಯಶಾಸ್ತ್ರದ ವಿದ್ಯಾರ್ಥಿ ಗಳಿಸಬೇಕಾದುದೇನು?

ಕಾಲೇಜುಗಳಲ್ಲಿ ಪದವಿ ಪ್ರವೇಶದ ಕಾಲ ಬಂತೆಂದರೆ, ಭಾನುವಾರದ ಬಲಿಪೂಜೆಯ ಬಳಿಕ ಹೆತ್ತವರು ನಮ್ಮನ್ನು ಕೇಳುವುದುಂಟು: “ಫಾದರ್, ಮಗಳು ರಾಜ್ಯಶಾಸ್ತ್ರ ಓದುತ್ತೇನೆನ್ನುತ್ತಾಳೆ. ಅದರಿಂದೇನು ಪ್ರಯೋಜನ?” ಸಾಲ ಮಾಡಿ ಓದಿಸುವವರ ಈ ಆತಂಕ ಸಹಜವಾದುದು. ಆದರೆ ಉದ್ಯೋಗವೊಂದೇ ವಿದ್ಯೆಯ ಅಳತೆಗೋಲಲ್ಲ.

ಒಬ್ಬನ ಹಿತಕ್ಕಿಂತ ಇಡೀ ನಗರದ ಹಿತ ದೊಡ್ಡದೆಂಬ ಕಾರಣದಿಂದ ಅರಿಸ್ಟಾಟಲನು ಈ ಶಾಸ್ತ್ರಕ್ಕೆ ಹಿರಿಯ ಸ್ಥಾನವಿತ್ತನು. ಸರ್ವರ ಹಿತವನ್ನು ಗುರಿಯಾಗಿರಿಸಿಕೊಳ್ಳುವುದು ಕಾನೂನಿನ ಲಕ್ಷಣವೇ ಎಂದು ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ಹಾಗಾದರೆ ವಿದ್ಯಾರ್ಥಿಯು ಪ್ರತಿಯೊಂದು ಕಾನೂನಿನ ಮುಂದೆಯೂ ಕೇಳಬೇಕಾದ ಪ್ರಶ್ನೆ ಇದು: ಇದು ಯಾರ ಹಿತಕ್ಕೆ?

1948ರ ಡಿಸೆಂಬರ್ 6ರಂದು ನಮ್ಮ ಸಂವಿಧಾನ ರಚನಾ ಸಭೆಯ ಮುಂದೆ ಧಾರ್ಮಿಕ ಸ್ವಾತಂತ್ರ್ಯದ ವಿಧಿಯ ಕರಡು ಇತ್ತು. ಇಂದಿನ 25ನೆಯ ವಿಧಿಯೇ ಅದು. ಧರ್ಮವನ್ನು ‘ಪ್ರಚಾರ’ ಮಾಡುವ ಹಕ್ಕು ಬೇಡವೆಂದು ಲೋಕನಾಥ ಮಿಶ್ರ ಮೊದಲಾದವರು ವಾದಿಸಿದರು. ಆ ಪದ ಉಳಿಯಲೇಬೇಕೆಂದವರಲ್ಲಿ ಕೆ.ಎಂ. ಮುನ್ಶಿ, ಟಿ.ಟಿ. ಕೃಷ್ಣಮಾಚಾರಿ ಅವರಿದ್ದರು. ಇವರಿಬ್ಬರೂ ಕ್ರೈಸ್ತರಲ್ಲ. ಪದ ಉಳಿಯಿತು. ಆದರೆ ಆ ಹಕ್ಕು ಕ್ರೈಸ್ತರಿಗೆಂದು ಬರೆದುದಲ್ಲ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳ ಮಿತಿಯೊಳಗೆ ಎಲ್ಲ ವ್ಯಕ್ತಿಗಳಿಗೂ ಸಮಾನವಾಗಿ ದೊರೆತುದು. 1949ರ ಮೇ ತಿಂಗಳಲ್ಲಿ ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನ ಬೇಡವೆಂಬ ನಿರ್ಧಾರವಾದಾಗ, ಸಭೆಯ ಸದಸ್ಯರೂ ಮಂಗಳೂರಿನಲ್ಲಿ ಜನಿಸಿದ ಯೇಸುಸಭೆಯ ಗುರುಗಳೂ ಆಗಿದ್ದ ಜೆರೋಮ್ ಡಿಸೋಜರು ಅದನ್ನು ಬೆಂಬಲಿಸಿದರು. ಮೀಸಲು ಸ್ಥಾನಗಳಿಗಿಂತ ನೆರೆಹೊರೆಯವರ ನ್ಯಾಯಬುದ್ಧಿಯಲ್ಲಿ ಇಟ್ಟ ಭರವಸೆ ಅದು.

ಇಂತಹ ಚರಿತ್ರೆಯ ವಾರಸುದಾರರಾದ ನಾವು ಚುನಾವಣೆ ಬಂದಾಗ ಕೇಳುವುದೇನು? “ನಮ್ಮವರು ಯಾರು ನಿಂತಿದ್ದಾರೆ?” ಎಂದಷ್ಟೇ ಅಲ್ಲವೇ? ಗೈಡು ಓದಿ ವಿಧಿಗಳ ಸಂಖ್ಯೆಯನ್ನು ಬಾಯಿಪಾಠ ಒಪ್ಪಿಸುವ ಪದವೀಧರರೂ ಮನೆಯಲ್ಲಿ ಈ ಪ್ರಶ್ನೆಯನ್ನು ತಿದ್ದದಿದ್ದರೆ, ಅವರು ಪಡೆದುದು ಅಂಕಪಟ್ಟಿಯೇ ಹೊರತು ವಿದ್ಯೆಯಲ್ಲ. ನಮಗಾಗಿ ಬೇಡುವ ಹಕ್ಕನ್ನು ನಮ್ಮವರಲ್ಲದವರಿಗಾಗಿಯೂ ಬೇಡುವ ಧೈರ್ಯ, ಎದುರಾಳಿಯ ವಾದವನ್ನು ಅವನೇ ಒಪ್ಪುವಂತೆ ವಿವರಿಸುವ ಪ್ರಾಮಾಣಿಕತೆ, ಇವೆರಡೂ ಈ ಶಾಸ್ತ್ರದ ನಿಜವಾದ ಗಳಿಕೆ. ಯುವಜನರಿಗೆ ರಾಜಕೀಯ ಶಿಕ್ಷಣ ಅಗತ್ಯವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಸಾರಿದೆ.

ಆದುದರಿಂದ ಹೆತ್ತವರೇ, ಉದ್ಯೋಗದ ಭರವಸೆಯನ್ನು ನಾವು ಕೊಡಲಾರೆವು. ಮಗಳನ್ನು ಓದಲು ಬಿಡಿ. ಅವಳು ಆ ಒಂದು ದಿನದ ಚರ್ಚೆಯನ್ನಾದರೂ ಓದಿ, ಸಂಜೆಯ ಜಪಸರದ ನಂತರ ಮನೆಯವರಿಗೆ ಎರಡೂ ಪಕ್ಷಗಳನ್ನು ವಿವರಿಸಲಿ. ನಿಮ್ಮ ಮತಕ್ಕೂ ಆಗ ಬೆಲೆ ಹೆಚ್ಚೀತು.