ನಿಮಗಿದು ಗೊತ್ತೆ? ಗೆಡ್ಡೆಯ ಸುತ್ತ ಒಂದು ಅಗ್ಗದ ಚುಚ್ಚುಮದ್ದು

ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಕೊಡುವ ಅರಿವಳಿಕೆಗೂ ರೋಗ ಮರುಕಳಿಸುವುದಕ್ಕೂ ನಂಟಿದೆಯೇ? ಪ್ರಜ್ಞೆ ತಪ್ಪಿಸುವ ಔಷಧದ ಮಟ್ಟಿಗೆ ಉತ್ತರ ಬಹುಶಃ ‘ಇಲ್ಲ’. 2019ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ನಿಯತಕಾಲಿಕ ಪ್ರಕಟಿಸಿದ, 2,100ಕ್ಕೂ ಹೆಚ್ಚು ಮಹಿಳೆಯರ ಅಧ್ಯಯನದಲ್ಲಿ ಬೆನ್ನುಮೂಳೆ ಪಕ್ಕದ ನರಗಳನ್ನು ಮರಗಟ್ಟಿಸಿ ಪ್ರೊಪೊಫಾಲ್ ಎಂಬ ಅರಿವಳಿಕೆ ಕೊಟ್ಟವರಲ್ಲೂ, ಸೆವೊಫ್ಲುರೇನ್ ಎಂಬ ಅರಿವಳಿಕೆ ಮತ್ತು ಓಪಿಯಾಯ್ಡ್ ನೋವುನಿವಾರಕ ಪಡೆದವರಲ್ಲೂ ರೋಗ ಮರಳಿದ್ದು ಸುಮಾರು ಶೇ 10 ಮಂದಿಗೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ತಂಡ ಮಾತ್ರ ಬೇರೆ ಕಡೆ, ಗೆಡ್ಡೆಯ ಸುತ್ತಲಿನ ಅಂಗಾಂಶದತ್ತ ನೋಡಿತು. ಗೆಡ್ಡೆ ತೆಗೆಯುವ 7ರಿಂದ 10 ನಿಮಿಷ ಮೊದಲು ಅಲ್ಲಿಗೆ ಮರಗಟ್ಟಿಸುವ ಔಷಧ ಲಿಡೊಕೇನ್ ಚುಚ್ಚಿಸಿಕೊಂಡವರಲ್ಲಿ ಶೇ 86.6 ಮಂದಿ 5 ವರ್ಷ ರೋಗ ಮರಳದೆ ಬದುಕಿದ್ದರು. ಚುಚ್ಚಿಸಿಕೊಳ್ಳದವರಲ್ಲಿ ಶೇ 82.6. ಸುಮಾರು 1,600 ಮಹಿಳೆಯರ ಈ ಪ್ರಯೋಗದ ವರದಿ 2023ರಲ್ಲಿ ಹೊರಬಂತು. ಕ್ಯಾನ್ಸರ್ ಕೋಶಗಳ ಚಲನೆಗೆ ನೆರವಾಗುವ ಸೋಡಿಯಂ ದ್ವಾರಗಳನ್ನು ಲಿಡೊಕೇನ್ ಮುಚ್ಚುವುದೇ ಕಾರಣವಿರಬಹುದು ಎನ್ನುತ್ತಾರೆ ಸಂಶೋಧಕರು.

ಒಂದೇ ಪ್ರಯೋಗ ಸಾಕೇ, ಹೋಲಿಕೆಯ ಗುಂಪಿಗೆ ಹುಸಿ ಚುಚ್ಚುಮದ್ದನ್ನೂ ಕೊಟ್ಟಿರಲಿಲ್ಲವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ, ಮರುಪರೀಕ್ಷೆ ಬೇಕು. ಆದರೆ ಇದು ದುಬಾರಿ ಹೊಸ ಮದ್ದಲ್ಲ, ದಶಕಗಳಿಂದ ವೈದ್ಯರ ಕೈಯಲ್ಲಿರುವುದು. ಗಾಳಿಬೀಡಿನ ಮಹಿಳೆ ಮಡಿಕೇರಿಯಲ್ಲೇ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲಿ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೇ ಹೋಗಲಿ, ಇದರ ಬಗ್ಗೆ ಶಸ್ತ್ರಚಿಕಿತ್ಸಕರನ್ನು ಮೊದಲೇ ಕೇಳಬಹುದು, ಕೇಳಬೇಕು.