ಹೊಳೆಯುವ ಕಲ್ಲು ಮತ್ತು ನಮ್ಮ ಗಲ್ಲಾಪೆಟ್ಟಿಗೆ

ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿ ನೇರಳೆ ಬಣ್ಣದ ಪುಟ್ಟ ದೀಪವೊಂದಿರುವುದನ್ನು ನಮ್ಮ ವಾಚಕರು ಬಲ್ಲರು. ಸಂಶಯ ಬಂದ ನೋಟನ್ನು ಅದರಡಿ ಹಿಡಿದು ನೋಡುವುದು ವಾಡಿಕೆ. ಅದೇ ಜಾತಿಯ ಬೆಳಕು ಒಂದು ಕಲ್ಲಿನ ಮೇಲೆ ಬಿದ್ದಾಗ ಆಗುವ ವಿಚಿತ್ರವನ್ನು ಇಂದು ಇಲ್ಲಿ ವಿವರಿಸಲು ಬಯಸಿದ್ದೇವೆ. ಇದನ್ನು ನಾವು ಮೊದಲೇ ಅರಿತಿದ್ದರೆ ನಮ್ಮಿಂದ ಒಂದು ಅನ್ಯಾಯ ನಡೆಯುತ್ತಿರಲಿಲ್ಲ.

ಆ ಕಲ್ಲಿನ ಹೆಸರು ವಿಲ್ಲೆಮೈಟ್. ನೆದರ್ಲೆಂಡ್ಸಿನ ದೊರೆ ಒಂದನೆಯ ವಿಲಿಯಮ್ಮನ ಹೆಸರನ್ನು ಅದಕ್ಕೆ 1830ರ ಸುಮಾರಿಗೆ ಇಟ್ಟರು. ಅದು ಸತುವಿನ ಸಿಲಿಕೇಟ್. ಹಗಲಿನಲ್ಲಿ ಯಾರೂ ತಿರುಗಿ ನೋಡದಂತಹ ಸಾಧಾರಣ ಕಲ್ಲು. ಆದರೆ ಅಮೆರಿಕೆಯ ನ್ಯೂಜೆರ್ಸಿಯ ಫ್ರಾಂಕ್ಲಿನ್ ಗಣಿಯಲ್ಲಿ ದೊರೆತ ತುಂಡುಗಳನ್ನು ಕತ್ತಲಲ್ಲಿಟ್ಟು, ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಬಿಟ್ಟರೆ ಅವು ಎಳೆಯ ಬಾಳೆಯೆಲೆಯಂತೆ ಹಸಿರಾಗಿ ಬೆಳಗುತ್ತವೆ. ಈ ಗುಣಕ್ಕೆ ಪ್ರತಿದೀಪ್ತಿಯೆಂದು ಹೆಸರು. ಇಂಗ್ಲೆಂಡಿನ ಸ್ಟೋಕ್ಸ್ ಎಂಬ ವಿಜ್ಞಾನಿ 1852ರಲ್ಲಿ ಇದನ್ನು ವಿವರಿಸಿದನು. ಬೋರಿಬಂದರಿನಿಂದ ನಮ್ಮ ಠಾಣೆಗೆ ಮೊದಲ ರೈಲು ಬಂದುದು ಅದರ ಮರುವರ್ಷ.

ಹೊಳೆಯುವುದು ಸತುವಲ್ಲ. ಕಲ್ಲಿನೊಳಗೆ ಲವಲೇಶ ಸೇರಿಕೊಂಡ ಮ್ಯಾಂಗನೀಸ್ ಈ ಹಸಿರಿಗೆ ಕಾರಣ. ನಮ್ಮ ಸಂಡೂರಿನ ಗುಡ್ಡಗಳಲ್ಲಿ ಅಗೆಯುವ ಅದಿರಿನಲ್ಲಿರುವುದೂ ಇದೇ ಮ್ಯಾಂಗನೀಸ್. ದೊಡ್ಡ ನೋಟನ್ನು ಪಡೆದು, ತನ್ನ ಪಾಲನ್ನು ಮುರಿದುಕೊಂಡು, ಉಳಿದುದನ್ನು ಚಿಲ್ಲರೆಯಾಗಿ ಕೊಡುವವನಂತೆ, ಹೆಚ್ಚು ಶಕ್ತಿಯ ಕಿರಣವನ್ನು ನುಂಗಿ ಕಡಿಮೆ ಶಕ್ತಿಯ ಹಸಿರು ಬೆಳಕನ್ನು ಅದು ಹಿಂದಿರುಗಿಸುತ್ತದೆ. ಮ್ಯಾಂಗನೀಸ್ ಇಲ್ಲದ ವಿಲ್ಲೆಮೈಟಿನಲ್ಲಿ ಈ ಹಸಿರು ಕಾಣದು. 1938ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಟ್ಯೂಬ್‌ಲೈಟುಗಳ ಒಳಮೈಗೆ ಹಚ್ಚಿದ ಪುಡಿಗಳಲ್ಲಿ ಇಂತಹ ಸಿಲಿಕೇಟೂ ಇತ್ತು. ಸರ್ ಸಿ. ವಿ. ರಾಮನ್ ಅವರು ಬೆಂಗಳೂರಿನ ತಮ್ಮ ಸಂಶೋಧನಾಲಯದಲ್ಲಿ ಕೂಡಿಸಿದ ಖನಿಜಗಳಲ್ಲಿಯೂ ಹೀಗೆ ಹೊಳೆಯುವಂತಹವು ಇವೆ.

ಇನ್ನು ನಮ್ಮ ತಪ್ಪಿನ ಮಾತು. ಕೆಲವು ವರ್ಷಗಳ ಹಿಂದೆ, ನಾವು ಹೋಟೆಲು ನಡೆಸುತ್ತಿದ್ದಾಗ, ಕುಂದಾಪುರದ ಕಡೆಯ ಮಾಣಿಯೊಬ್ಬನು ತಾನು ಪಡೆದ ಮುಂಗಡವನ್ನು ತೀರಿಸಲು ಐನೂರರ ನೋಟನ್ನು ತಂದನು. ಅಸಲಿ ನೋಟಿನ ಕಾಗದವು ದೀಪದಡಿ ಮಂಕಾಗಿರಬೇಕು. ಅದರ ಸಂಖ್ಯೆ ಮತ್ತು ಸಣ್ಣ ಎಳೆಗಳು ಹೊಳೆಯಬೇಕು. ಈ ನೋಟಾದರೋ ಇಡಿಯಾಗಿ ನೀಲಿಯಾಗಿ ಹೊಳೆಯಿತು. "ಧಣಿಗಳೇ, ಅಂಗಿಯ ಕಿಸೆಯಲ್ಲೇ ಉಳಿದು ಒಗೆತಕ್ಕೆ ಹೋಗಿತ್ತು" ಎಂದು ಅವನು ಹೇಳಿದುದನ್ನು ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಗಿರಾಕಿಗಳ ಎದುರಿನಲ್ಲೇ ಅವನನ್ನು ಕಳ್ಳನೆಂದೆವು.

ಮರುದಿನ ಬ್ಯಾಂಕಿನವರು ನೋಟು ಅಸಲಿಯೆಂದರು. ಬಟ್ಟೆ ಬೆಳ್ಳಗೆ ಕಾಣಲೆಂದು ಸಾಬೂನಿನ ಪುಡಿಗೆ ಬೆರೆಸುವ ವಸ್ತುವೂ ಪ್ರತಿದೀಪ್ತಿಯದೇ. ಅದು ನೋಟಿಗೆ ಅಂಟಿಕೊಂಡಿತ್ತು. ನಾವು ಎಲ್ಲರೆದುರು ಕ್ಷಮೆ ಕೇಳಿದೆವು. ಅವನು ತಲೆಯಾಡಿಸಿದನು, ಆದರೆ ತಿಂಗಳು ತುಂಬುವ ಮೊದಲೇ ಲೆಕ್ಕ ತೀರಿಸಿಕೊಂಡು ಕಲ್ಯಾಣದ ಬೇರೊಂದು ಹೋಟೆಲಿಗೆ ಹೋದನು.

ಹೊಳಪು ಲವಲೇಶದ ಸಾಕ್ಷಿಯೇ ಹೊರತು ಇಡೀ ವಸ್ತುವಿನ ಸಾಕ್ಷಿಯಲ್ಲ. ಕಲ್ಲಿಗೂ ಅಷ್ಟೇ, ನೋಟಿಗೂ ಅಷ್ಟೇ. ಆದುದರಿಂದ ಗಲ್ಲಾದಲ್ಲಿ ಕುಳಿತ ಬಂಧುಗಳು ದೀಪವೊಂದನ್ನೇ ನಂಬಬಾರದು. ನೀರಚ್ಚನ್ನೂ ಭದ್ರತೆಯ ಎಳೆಯನ್ನೂ ಉಬ್ಬುಮುದ್ರಣವನ್ನೂ ನೋಡಲಿ; ಎಲ್ಲಕ್ಕಿಂತ ಮೊದಲು ನೋಟು ತಂದವನ ಮಾತನ್ನು ಪೂರ್ತಿಯಾಗಿ ಕೇಳಲಿ.